ಅಂಕ ಸರಿದವು, ಹೆಸರು ನಿಂತವು

ದೊಡ್ಡಆಲಹಳ್ಳಿ
16 ಜನವರಿ 2005

ಪ್ರೀತಿಯ ಭಾನಕ್ಕನಿಗೆ ರಾಧಾಮಣಿ ಮಾಡುವ ನಮಸ್ಕಾರಗಳು.

ರಾಮನಗರದ ನಿಮ್ಮ ಕಂಪ್ಯೂಟರ್ ಸೆಂಟರಿನಲ್ಲಿ ಮೂರು ತಿಂಗಳು ಮೇಡಂ ಎಂದು ಕರೆದವಳು ಕಾಗದದಲ್ಲಿ ಅಕ್ಕ ಎಂದು ಬರೆದುಬಿಟ್ಟಿದ್ದೇನೆ. ಕಾಗದ ಮೂರು ಬಸ್ಸು ಬದಲಾಯಿಸಿ ನಿಮ್ಮ ಕೈ ಸೇರುವಷ್ಟರಲ್ಲಿ ಕೋಪ ಇಳಿದಿರುತ್ತದೆ ಎಂಬ ಧೈರ್ಯ.

ನಾವು ಊರು ಬಿಟ್ಟದ್ದು ನಿಮಗೆ ಗೊತ್ತಿರಲಿಕ್ಕಿಲ್ಲ. ಹಾರೋಹಳ್ಳಿ ಕಡೆ ಇದ್ದ ಮೂರು ಎಕರೆಯೂ ಕಾರ್ಖಾನೆಗೆ ಹೋದ ಮೇಲೆ ಅಲ್ಲಿ ಉಳಿದದ್ದು ಮನೆಯೊಂದೇ. ಅಪ್ಪ ದಿನಾ ಬೆಳಿಗ್ಗೆ ತಂತಿ ಬೇಲಿಯವರೆಗೆ ನಡೆದು, ಒಂದು ಗಳಿಗೆ ನಿಂತು, ವಾಪಸ್ಸು ಬರುತ್ತಿದ್ದರು. ಅದನ್ನು ನೋಡಲಾಗದೆ ಅಮ್ಮ ತನ್ನ ತವರಿಗೆ ಕರೆತಂದಳು. ಇಲ್ಲಿ ಮಾವನಿಗೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳದ ಮನೆ ಇದೆ. ಅಜ್ಜಿ ಅಂಕಮ್ಮ ಇದ್ದಾಳೆ. ಅವಳು ಕಥೆ ಹೇಳಲು ಕೂತರೆ ಹುಳ ಕೂಡ ಸೊಪ್ಪು ಮೇಯುವುದು ನಿಲ್ಲಿಸಿ ಕೇಳುತ್ತವೆ ಎಂದು ಮಾವ ಆಡಿಕೊಳ್ಳುತ್ತಾರೆ.

ಪಟ್ಟಿ ಅಂಟಿಸಿದ ದಿನದ ವಿಷಯ ಹೇಳದಿದ್ದರೆ ಕಾಗದ ಪೂರ್ತಿಯಾಗದು. ಜಮೀನು ಕೊಟ್ಟ ಮನೆಗಳ ಹನ್ನೆರಡು ಮಕ್ಕಳಿಗೆ ನಿಮ್ಮಲ್ಲಿ ಪಾಠ, ಪರೀಕ್ಷೆ, ಮೊದಲ ನಾಲ್ವರಿಗೆ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ನಾನು ನಾಲ್ಕನೆಯವಳಾದರೂ ಆಗುತ್ತೇನೆ ಎಂದು ಎಣಿಸಿದ್ದೆ. ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬಂದೆ. ಅಶ್ವಥ್ ಎಂಬತ್ತೊಂದು, ರಕ್ಷಿತಾ ಎಪ್ಪತ್ತಾರು, ಆಮೇಲೆ ದೀಪು, ಸಮದ್. ನಾನು ಕಟ್ಟಕಡೆಗೆ, ಇಪ್ಪತ್ತಮೂರು. ಕೂತದ್ದೂ ಕಡೆಯ ಬೆಂಚಿನಲ್ಲೇ ಅಲ್ಲವೇ. ನಮ್ಮೂರಿನ ಕೆಂಪಯ್ಯನವರು ಅರ್ಜಿ ಫಾರಂ ತಂದು ತಮ್ಮ ಮಗ ಅಶ್ವಥನದನ್ನು ಮೊದಲು ಬರೆಸಿದರು, ಆಮೇಲೆ ಪಕ್ಕದ ಅಂಗಡಿ ರೇವಣಸಿದ್ದಯ್ಯನವರ ಮಗಳು ರಕ್ಷಿತಾಳದು. ಊರೆಲ್ಲ ಸುತ್ತಿ ನಮ್ಮ ಮನೆಗೆ ಬಂದ ಫಾರಮ್ಮಿನ ಮೇಲೆ ಟೀ ಲೋಟದ ಗುರುತಿತ್ತು. ಹಾಗಾಗಿ ನನ್ನ ಅರ್ಜಿ ನಂಬರು ಹನ್ನೆರಡು.

ಕನಕಪುರದಲ್ಲಿ ಬಸ್ಸಿಳಿದ ಮೇಲೆ ಅಪ್ಪ ಇಷ್ಟೇ ಅಂದರು: “ಮನುಸ್ರು ಬರ್ದಿದ್ರೆ ಜಗಳ ಆಡ್ಬೋದಿತ್ತು ಕಣವ್ವ. ಇದು ಮಿಸನ್ನು ಬರ್ದಿರೋದು.”

ಮುಂದಿನ ಡಿಸೆಂಬರಿನಲ್ಲಿ ಇನ್ನೂ ನಾಲ್ವರನ್ನು ತೆಗೆದುಕೊಳ್ಳುತ್ತಾರಂತೆ. ಅಲ್ಲಿಯವರೆಗೆ ಓದು, ಆಗಲೂ ಆಗದಿದ್ದರೆ ಕಾರ್ಖಾನೆಯ ಪ್ಯಾಕಿಂಗ್ ಶೆಡ್ಡಿಗೆ ಸೇರು ಎಂದು ಅಪ್ಪ ಒಂದು ವರ್ಷ ಕೊಟ್ಟಿದ್ದಾರೆ. ಇಲ್ಲಿ ಕಂಪ್ಯೂಟರ್ ಇಲ್ಲ. ನಾನು ಹಾಳೆಯ ಮೇಲೆ ಪ್ರೋಗ್ರಾಂ ಬರೆದು ಕಳಿಸಿದರೆ ನೀವು ಟೈಪ್ ಮಾಡಿ, ಬಂದದ್ದನ್ನು ಪ್ರಿಂಟ್ ತೆಗೆದು ಕಳಿಸುವಿರಾ? ಅಂಗಡಿಯಲ್ಲಿ ಫೋನಿದೆ. ಆದರೆ ನಾಲ್ಕು ಜನರ ಎದುರು “ಹೂವಿನ ಬ್ರಾಕೆಟ್ಟು ತೆಗಿ, ಮುಚ್ಚು” ಎಂದು ಕೂಗುತ್ತಾ ನಿಂತರೆ ನನ್ನನ್ನು ಕಬ್ಬಾಳಮ್ಮನ ಗುಡಿಗೆ ಕರೆದೊಯ್ದು ತೀರ್ಥ ಹಾಕಿಸುತ್ತಾರೆ.

ನಿಮ್ಮ ಕಡೆಯ ಬೆಂಚಿನ
ರಾಧಾಮಣಿ

*

ಐಜೂರು, ರಾಮನಗರ
2 ಫೆಬ್ರವರಿ 2005

ಪ್ರಿಯ ರಾಧಾಮಣಿ,

ಅಕ್ಕ ಎಂದ ಮೇಲೆ ‘ನೀವು’ ಯಾಕೆ? ನೀನು ಎಂದೇ ಬರೆ. ಕಾಗದ ಬಂದು ಹತ್ತು ದಿನವಾಯಿತು. ಎರಡು ಸಲ ಬರೆಯಲು ಕೂತು ಎದ್ದೆ. ಸೆಂಟರಿನಲ್ಲಿ ಕೆಲಸ ಜಾಸ್ತಿ.

ಖಂಡಿತ ಹೇಳಿಕೊಡುತ್ತೇನೆ. ನೀನು ಕಳಿಸಿದ್ದೆಲ್ಲವನ್ನೂ ನಾನೇ ಟೈಪ್ ಮಾಡುತ್ತೇನೆ. ಇದರೊಳಗೆ ಅಂಚೆ ಚೀಟಿಗಳನ್ನಿಟ್ಟಿದ್ದೇನೆ, ನಿನ್ನ ಮನೆಯವರನ್ನು ಕೇಳಬೇಡ. ಜಾವಾ ಪುಸ್ತಕವೊಂದನ್ನೂ ಪಾರ್ಸೆಲ್ ಮಾಡಿದ್ದೇನೆ, ಅದು ನಿನಗೇ ಇರಲಿ.

ಪಟ್ಟಿಯ ವಿಷಯ ಮಾತ್ರ ಇನ್ನು ಬರೆಯಬೇಡ. ಆ ದಿನದ್ದು ಆ ದಿನಕ್ಕೆ ಮುಗಿಯಿತು. ಕೇಳಿರಬಹುದು, ಮನುಷ್ಯರ ಕೈ ಆಡದ ಪಟ್ಟಿ ಎಂದು ನಿಮ್ಮೂರವರು ಸೆಂಟರಿನ ಮಾಲೀಕರಾದ ರೇಣುಕಾಪ್ರಸಾದ್ ಸರ್‌ಗೂ ನನಗೂ ಶಾಲು ಹೊದಿಸಿದರು. ನನ್ನದರ ಮಡಿಕೆ ಇನ್ನೂ ಬಿಚ್ಚಿಲ್ಲ.

ಪಾಠ. ಅರೇ ಎಂದರೆ ಒಂದೇ ಹೆಸರಿನ ಸಾಲುಮನೆ. ಮನೆಗಳ ನಂಬರು ಸೊನ್ನೆಯಿಂದ ಶುರು. a ಎಂಬ ಸಾಲಿನಲ್ಲಿ ಮೊದಲ ಮನೆ a[0]. ಅದರೊಳಗೆ 40 ಇದೆ, a[3]ರೊಳಗೆ 75 ಇದೆ ಎನ್ನು. ಎರಡನ್ನೂ ಅದಲುಬದಲು ಮಾಡಬೇಕು. ಒಬ್ಬಳು ಹೀಗೆ ಬರೆದಳು:

a[0] = a[3];
a[3] = a[0];

ತಪ್ಪೆಲ್ಲಿದೆ? ಕಾಗದದ ಮೇಲೆ ಮನೆಗಳನ್ನು ಗೀಚಿಕೊಂಡು ನೀನೇ ಕಂಡುಹಿಡಿ.

ನಿನ್ನ
ಭಾನುಪ್ರಿಯ

*

ದೊಡ್ಡಆಲಹಳ್ಳಿ
20 ಫೆಬ್ರವರಿ 2005

ಪ್ರೀತಿಯ ಭಾನಕ್ಕ,

ಮೊದಲು ಉತ್ತರ. ಮೊದಲ ಗೆರೆಯಲ್ಲೇ 75 ಬಂದು 40ರ ಮೇಲೆ ಕೂತುಬಿಟ್ಟಿತು. 40 ಸತ್ತುಹೋಯಿತು. ಎರಡನೆಯ ಗೆರೆ ಏನು ಮಾಡಿದರೂ ಆಚೆಗೂ 75, ಈಚೆಗೂ 75.

ಇದನ್ನು ಪುಸ್ತಕ ನೋಡದೆ ಬಿಡಿಸಿದ್ದು ಅಜ್ಜಿಯಿಂದ. ಹುಳದ ಮನೆಯಲ್ಲಿ ದೊಡ್ಡ ತಟ್ಟೆಯ ಹುಳವನ್ನು ಸಣ್ಣದಕ್ಕೆ, ಸಣ್ಣದರದ್ದನ್ನು ದೊಡ್ಡದಕ್ಕೆ ಹಾಕಬೇಕಿತ್ತು. ನಾನು ಒಂದರ ಮೇಲೊಂದು ಬಗ್ಗಿಸಲು ಹೋದೆ. ಅಜ್ಜಿ ಕೈ ಹಿಡಿದು, “ಲೇ ಬುದ್ವಂತೆ, ಖಾಲಿ ತಟ್ಟೆ ಒಂದ್ ಇಟ್ಕೊಳ್ದೆ ಅದೆಂಗ್ಲೇ ಬದ್ಲಾಯಿಸ್ತಿ? ಎರಡೂ ಕಲ್ಸೋಯ್ತವೆ” ಅಂದಳು. ನಾನು ತಟ್ಟೆ ಬಿಟ್ಟು ಕಾಗದ ಪೆನ್ನು ಹುಡುಕಲು ಓಡಿದೆ. ಆ ಹೊತ್ತಿನಿಂದ ಮಾವನ ಕಣ್ಣಿಗೆ ನಾನು ಒಸಿ ಕೆಟ್ಟವಳು.

ಆದ್ದರಿಂದ ಖಾಲಿ ತಟ್ಟೆಗೆ temp ಎಂದು ಹೆಸರಿಟ್ಟೆ:

temp = a[0];
a[0] = a[3];
a[3] = temp;

ಜೊತೆಗೆ ಆರು ಸಂಖ್ಯೆಯ ಅರೇಯನ್ನು ಪೂರ್ತಿ ತಿರುಗುಮುರುಗು ಮಾಡಿ ಪ್ರಿಂಟ್ ಮಾಡುವ ಪ್ರೋಗ್ರಾಂ ಬರೆದಿದ್ದೇನೆ. ನಿನ್ನ ಕಂಪ್ಯೂಟರಿಗೆ ನನ್ನನ್ನು ಕಂಡರೆ ಆಗುವುದಿಲ್ಲ, ಹೋದ ಸಲ ಕಡೆಗೆ ತಳ್ಳಿತು. ಈ ಸಲವಾದರೂ ಕರುಣೆ ತೋರಿಸು ಎಂದು ಅದಕ್ಕೆ ಹೇಳು.

ನಿನ್ನ
ರಾಧಾ

*

ರಾಮನಗರ
9 ಮಾರ್ಚ್ 2005

ಪ್ರಿಯ ರಾಧಾಮಣಿ,

ಕಂಪ್ಯೂಟರಿಗೆ ಯಾರನ್ನು ಕಂಡರೂ ಆಗುವುದು ಆಗದಿರುವುದು ಇಲ್ಲ. ಅದು ಹೇಳಿದ್ದನ್ನು ಮಾಡುತ್ತದೆ. ಇಂಥ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಚುಚ್ಚಿ ಬರೆಯುವುದಾದರೆ ನೇರವಾಗಿಯೇ ಕೇಳು.

ಸ್ವಾಪ್, ಅಂದರೆ ಅದಲುಬದಲು, ಸರಿಯಾಗಿದೆ. ಪ್ರಿಂಟ್ ತಪ್ಪಾಗಿದೆ. ನೀನು ಅರೇಯ ಹೆಸರನ್ನೇ ಪ್ರಿಂಟ್ ಮಾಡು ಎಂದಿದ್ದೀಯ, ಬಂದದ್ದನ್ನು ನೋಡು:

[I@3e25a5

ಬೀದಿಯ ಹೆಸರು ಹೇಳಿ ಕರೆದರೆ ಮನೆಯೊಳಗಿನವರು ಹೊರಗೆ ಬರುವುದಿಲ್ಲ. ಒಂದು ಲೂಪ್ ಹಾಕಿ, ಪ್ರತಿ ಮನೆಯ ಬಾಗಿಲಲ್ಲೂ ನಿಂತು, ಒಬ್ಬೊಬ್ಬರನ್ನೇ ಕರೆಯಬೇಕು. ಆರು ಮನೆಯಿದ್ದರೆ ಕಡೆಯದರ ನಂಬರು ಐದು. ಆರು ಎಂಬ ನಂಬರನ್ನು ಕರೆಯಲು ಹೋದರೆ ಪ್ರೋಗ್ರಾಂ ಬಿದ್ದುಹೋಗುತ್ತದೆ. ಹದಿನೇಳನೆಯ ಸಾಲಿನಲ್ಲಿ ಸೆಮಿಕೋಲನ್ ಬಿಟ್ಟಿದ್ದೀಯ. ನನ್ನ ಕಣ್ಣು ತಪ್ಪಿಸಲಾಗದು.

ಭಾನುಪ್ರಿಯ

*

ದೊಡ್ಡಆಲಹಳ್ಳಿ
10 ಏಪ್ರಿಲ್ 2005

ಪ್ರೀತಿಯ ಭಾನಕ್ಕ,

ನಾನು ಚುಚ್ಚಲಿಲ್ಲ ಕಣಕ್ಕ, ತಮಾಷೆ ಮಾಡಿದೆ. ನಮ್ಮ ಕಡೆ ಬೇಸರವನ್ನು ತಮಾಷೆಯಲ್ಲಿ ಸುತ್ತಿಟ್ಟು ಹೇಳುವುದು ರೂಢಿ. ನಿನಗೆ ನೋವಾಗಿದ್ದರೆ ತಪ್ಪಾಯಿತು. ಇಷ್ಟು ದೂರದ ಒಬ್ಬಳಿಗೆ ನಿನ್ನಷ್ಟು ಮಾಡುವವರು ಯಾರಿದ್ದಾರೆ? ಚೀಟಿ ಸಮೇತ ಬಂದ ನಿನ್ನ ಕಾಗದ ನೋಡಿ ಅಮ್ಮ, “ಆ ಎಣ್ಣುಮಗಳ್ಗೆ ನಾವು ಯಾವ್ ಜನ್ಮದಾಗೆ ಏನ್ ಮಾಡಿದ್ವೋ” ಎಂದು ಕಣ್ಣೊರೆಸಿಕೊಂಡಳು.

ಆ ವಿಚಿತ್ರ ಅಕ್ಷರಗಳ ಹಾಳೆಯನ್ನು ಅಜ್ಜಿಗೆ ತೋರಿಸಿದೆ. ಮಂತ್ರವಾದಿ ಬರೆದ ತಾಯಿತ ಇದ್ದಂಗೈತೆ ಎಂದು ಹುಳದ ಮನೆಯ ಬಾಗಿಲಿಗೆ ಸಿಕ್ಕಿಸಿದ್ದಾಳೆ. ಈಗ ಲೂಪ್ ಹಾಕಿದ್ದೇನೆ, ಒಬ್ಬೊಬ್ಬರೇ ಹೊರಗೆ ಬರುತ್ತಾರೆ ನೋಡು.

ಎರಡು ಬೇಡಿಕೆ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುವುದನ್ನು ಹೇಳಿಕೊಡು. ಇನ್ನೊಂದು, ಪಟ್ಟಿಯ ಮಾತಲ್ಲ, ನನ್ನ ಉತ್ತರ ಪತ್ರಿಕೆಯ ಮಾತು. ಅದು ಸೆಂಟರಿನ ಬೀರುವಿನಲ್ಲಿದ್ದರೆ ಕಳಿಸು. ಇಪ್ಪತ್ತಮೂರು ಯಾಕೆ ಬಂತು ಎಂದು ತಿಳಿದರೆ ಅದೇ ತಪ್ಪು ಮತ್ತೆ ಮಾಡುವುದಿಲ್ಲ. ಎಂಟು ಪ್ರಶ್ನೆಯಲ್ಲಿ ಏಳನ್ನು ಬರೆದ ನೆನಪು. ನನ್ನ ತಲೆಯನ್ನೇ ನಾನು ನಂಬದ ಹಾಗಾಗಿದೆ.

ರಾಧಾ

*

ರಾಮನಗರ
28 ಮೇ 2005

ಪ್ರಿಯ ರಾಧಾಮಣಿ,

ಉತ್ತರ ಪತ್ರಿಕೆಗಳು ಕಂಪನಿಗೆ ಹೋದವು. ಸಿಗುವುದಿಲ್ಲ.

ಜೋಡಿಸುವ ಪಾಠವನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಅಕ್ಕಪಕ್ಕದ ಎರಡು ಮನೆ ನೋಡು. ಎಡಗಡೆಯದು ಚಿಕ್ಕದಾಗಿದ್ದರೆ ಸ್ವಾಪ್ ಮಾಡು, ಮುಂದಕ್ಕೆ ಹೋಗು. ಸಾಲಿನ ಕೊನೆ ತಲುಪಿದ ಮೇಲೆ ಮತ್ತೆ ಮೊದಲಿನಿಂದ. ಒಂದು ಪೂರ್ತಿ ಸುತ್ತಿನಲ್ಲಿ ಒಂದೂ ಸ್ವಾಪ್ ಆಗದಿದ್ದರೆ ಮುಗಿಯಿತು.

ಒಂದೇ ಅರೇಯಲ್ಲಿ ಅಭ್ಯಾಸ ಮಾಡು. ಎರಡು ಅರೇ ಇಟ್ಟುಕೊಂಡು ಮಾಡುವುದು ಪುಸ್ತಕದಲ್ಲಿದೆ, ಅದು ಪರೀಕ್ಷೆಗೆ ಬರುವುದಿಲ್ಲ. ಬಿಟ್ಟುಬಿಡು.

ಭಾನುಪ್ರಿಯ

*

ದೊಡ್ಡಆಲಹಳ್ಳಿ
12 ಜುಲೈ 2005

ಪ್ರೀತಿಯ ಭಾನಕ್ಕ,

ಬಿಟ್ಟುಬಿಡು ಎಂದದ್ದನ್ನೇ ಮೊದಲು ಹಿಡಿದುಕೊಳ್ಳುವ ಬುದ್ಧಿ ನನ್ನದು, ಬೈಯಬೇಡ. ಬರೀ ಸಂಖ್ಯೆಯನ್ನು ಜೋಡಿಸಿ ಏನು ಮಾಡಲಿ? ಎಂಬತ್ತೊಂದು ಎಂದರೆ ಯಾರ ಎಂಬತ್ತೊಂದು ಎಂದು ಗೊತ್ತಾಗಬೇಡವೇ?

ಈ ಬೆಳೆಯಲ್ಲಿ ಮಾವ ಪಂದ್ಯ ಕಟ್ಟಿದರು. ಐದು ಜನಕ್ಕೆ ಐದು ಚಂದ್ರಿಕೆ. ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ ನೀನು ರಾಮನಗರದಲ್ಲಿ ನೋಡಿಯೇ ಇರುತ್ತೀಯ. ಯಾರ ಚಂದ್ರಿಕೆಯ ಗೂಡು ಹೆಚ್ಚು ತೂಗುತ್ತದೆ ಎಂದು ಪಂದ್ಯ. ಪಾಪ ಅಜ್ಜಿಯ ಹುಳಕ್ಕೆ ಸಪ್ಪೆ ರೋಗ ಬಂದು ಅರ್ಧ ಹೋದವು. ಅಜ್ಜಿ 900 ಗ್ರಾಂ, ಅತ್ತೆ 1400, ಮಾವ 1300, ಅಮ್ಮ 1700, ನಾನು 1800. ಹೌದು, ನಾನೇ ಗೆದ್ದದ್ದು. ಬೀಗುವುದಕ್ಕೇ ಬರೆಯುತ್ತಿದ್ದೇನೆ.

ಒಂದು ಅರೇಯಲ್ಲಿ ಹೆಸರು, ಇನ್ನೊಂದರಲ್ಲಿ ತೂಕ. ನೀನು ಹೇಳಿದಂತೆ ಸ್ವಾಪ್ ಮಾಡುತ್ತಾ ಜೋಡಿಸಿ, ಎರಡನ್ನೂ ಪಕ್ಕಪಕ್ಕ ಪ್ರಿಂಟ್ ಮಾಡುವ ಹಾಗೆ ಬರೆದಿದ್ದೇನೆ. ಪ್ರಿಂಟ್ ಬಂದ ದಿನ ಗೋಡೆಗೆ ಅಂಟಿಸಬೇಕು.

ಡಿಸೆಂಬರ್ ಪರೀಕ್ಷೆಯ ತಾರೀಕು ತಿಳಿಯಿತೇ? ಅಪ್ಪ ದಿನ ಎಣಿಸುತ್ತಿದ್ದಾರೆ.

ರಾಧಾ

*

ರಾಮನಗರ
30 ಸೆಪ್ಟೆಂಬರ್ 2005

ರಾಧಾಮಣಿ,

ತಡವಾಯಿತು, ಮೈ ಸರಿಯಿರಲಿಲ್ಲ. ಪ್ರಿಂಟ್ ಇಟ್ಟಿದ್ದೇನೆ. ಪ್ರೋಗ್ರಾಂ ಸರಿಯಾಗಿದೆ.

ಪರೀಕ್ಷೆಯ ವಿಷಯ ಇನ್ನೂ ಏನೂ ಬಂದಿಲ್ಲ. ಅದನ್ನೇ ನೆಚ್ಚಿಕೊಂಡು ಕೂರಬೇಡ.

ಭಾನುಪ್ರಿಯ

*

ದೊಡ್ಡಆಲಹಳ್ಳಿ
23 ಅಕ್ಟೋಬರ್ 2005

ಭಾನಕ್ಕ,

ನೀನು ಕಳಿಸಿದ ಪ್ರಿಂಟಿನಲ್ಲಿ ಇರುವುದು ಇದು: ಅಜ್ಜಿ 1800, ಅತ್ತೆ 1700, ಮಾವ 1400, ಅಮ್ಮ 1300, ರಾಧಾ 900. ಕೆಳಗೆ ಕೆಂಪು ಶಾಯಿಯಲ್ಲಿ ನಿನ್ನ ಅಕ್ಷರ, ‘ಸರಿಯಾಗಿದೆ’.

ಅಜ್ಜಿಗೆ ಓದಿ ಹೇಳಿದೆ. ಅವಳು ನಕ್ಕು ನಕ್ಕು ಎಲೆಯಡಿಕೆ ಉಗಿದಳು. “ನನ್ ಹುಳ ಸತ್ತಿದ್ನ ಊರೇ ನೋಡೈತೆ, ನಿನ್ ಮಿಸನ್ನು ನಂಗೇ ಪಟ್ಟ ಕಟ್ತಾ ಐತಲ್ಲೇ. ಮೊದ್ಲು ಹೆಸ್ರು ಬರ್ಸ್ದೋಳು ಅಂತಾನಾ?”

ನಾನೂ ನಗುತ್ತಲೇ ನನ್ನ ಪ್ರೋಗ್ರಾಂ ತೆಗೆದು ಬೆರಳಿಟ್ಟು ನೋಡಿದೆ. ತೂಕಗಳನ್ನು ಸ್ವಾಪ್ ಮಾಡಿದ್ದೆ. ಹೆಸರುಗಳನ್ನು ಸ್ವಾಪ್ ಮಾಡುವುದನ್ನು ಮರೆತಿದ್ದೆ. ತೂಕಗಳು ಸರಿದು ಸರಿದು ದೊಡ್ಡದರಿಂದ ಚಿಕ್ಕದಕ್ಕೆ ಚೆಂದವಾಗಿ ನಿಂತವು. ಹೆಸರುಗಳು ನಾನು ಬರೆದ ಕ್ರಮದಲ್ಲೇ ಉಳಿದವು. ಮೊದಲು ಬರೆದವಳಿಗೆ ದೊಡ್ಡ ತೂಕ, ಕಡೆಗೆ ಬರೆದವಳಿಗೆ ಚಿಕ್ಕದು.

ಆಮೇಲೆ ನನ್ನ ನಗು ನಿಂತಿತು. ಒಂದು ಸೆಮಿಕೋಲನ್ ಬಿಡದ ನೀನು ಇದನ್ನು ಸರಿಯಾಗಿದೆ ಎಂದೆ. ತೂಕಗಳನ್ನು ಕಾಗದದಲ್ಲಿ ನಾನೇ ಬರೆದಿದ್ದೆ, ನಿನ್ನ ಕಣ್ಣೆದುರಿಗೇ ಇದ್ದವು.

ಅಪ್ಪ ಆಯ್ಕೆ ಪಟ್ಟಿಯ ಜೆರಾಕ್ಸನ್ನು ಜಮೀನಿನ ಕಾಗದದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಾರೆ. ತೆಗೆದು ನೋಡಿದೆ. ಅಶ್ವಥ್, ರಕ್ಷಿತಾ, ದೀಪು, ಸಮದ್, ಹೀಗೇ ನನ್ನವರೆಗೆ. ಪರೀಕ್ಷೆಯ ದಿನ ನಾವು ಕೂತ ಸಾಲು ಅದು ಅಕ್ಕ. ಮೊದಲ ಬೆಂಚಿನಿಂದ ಕಡೆಯ ಬೆಂಚಿನವರೆಗೆ ಅರ್ಜಿ ನಂಬರಿನ ಸಾಲು. ಒಬ್ಬರೂ ಹಿಂದುಮುಂದಾಗಿಲ್ಲ. ಹನ್ನೆರಡು ಜನ ಪರೀಕ್ಷೆ ಬರೆದು, ಅರ್ಜಿ ಕೊಟ್ಟ ಕ್ರಮದಲ್ಲೇ ಜಾಣರಾಗಿರುವುದು ಯಾವ ಊರಿನಲ್ಲಿ ಉಂಟು?

ನಂಬಲು ಮನಸ್ಸಾಗದೆ ಹೋದ ಸೋಮವಾರ ಹಾರೋಹಳ್ಳಿಗೆ ಹೋಗಿ ಅಶ್ವಥನನ್ನು ಕಂಡೆ. ಅವನು ಈಗ ಆಫೀಸಿನಲ್ಲಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಬಂದುಹೋಗುವ ಲಾರಿಗಳ ನಂಬರು ಬರೆಯುತ್ತಾನೆ. ನಾಲ್ವರಿಗೂ ಕೊಟ್ಟ ಕೆಲಸ ಮಾಡಲಾಗಲಿಲ್ಲವಂತೆ. ಇಲ್ಲಿನವರ ತಲೆಗೆ ಇದು ಹತ್ತುವುದಿಲ್ಲ ಎಂದು ಸಾಹೇಬರು ಹೊರಗಿನವರನ್ನು ಕರೆಸಿಕೊಂಡರಂತೆ. ಡಿಸೆಂಬರ್ ಪರೀಕ್ಷೆ ರದ್ದಾಗಿ ನಾಲ್ಕು ತಿಂಗಳಾಯಿತಂತೆ. ಅವನು ನನ್ನ ಮುಖ ನೋಡದೆ ಹೇಳಿದ: “ನಾನ್ ಬರ್ದಿದ್ದು ಎರಡೇ ಪುಟ ಕಣ್ ರಾಧಾ. ಎಂಬತ್ತೊಂದು ಎಲ್ಲಿಂದ ಬಂತೋ. ಕಂಪ್ಯೂಟರ್‌ಗೆ ಗೊತ್ತಿರ್ತದೆ ಬುಡು ಅಂತ ಸುಮ್ಕಾಗ್ಬುಟ್ಟೆ.”

ಒಂದೇ ಪ್ರಶ್ನೆ. ನಿನಗೆ ಯಾವತ್ತು ಗೊತ್ತಾಯಿತು?

ರಾಧಾಮಣಿ

*

ರಾಮನಗರ
4 ಡಿಸೆಂಬರ್ 2005

ರಾಧಾ,

ಆರು ವಾರ ಉತ್ತರ ಬರೆಯಲಿಲ್ಲ. ನೀನು ಸೆಂಟರಿಗೇ ಬಂದು ಕೂಗಾಡುತ್ತೀಯ ಎಂದು ದಿನಾ ಬಾಗಿಲು ನೋಡುತ್ತಿದ್ದೆ. ಬರಲಿಲ್ಲ. ನಿನ್ನ ಸಿಟ್ಟು ಇಳಿದಿದೆ ಎಂದುಕೊಂಡು ಬರೆಯುತ್ತಿದ್ದೇನೆ.

ಕಂಪನಿಯ ಸಾಹೇಬರು ಪತ್ರಿಕೆ ತಿದ್ದಿ ನಂಬರಿನ ಪ್ರಕಾರ ಅಂಕ ಓದಿದರು, ನಾನು ಟೈಪ್ ಮಾಡಿದೆ. ಕಡೆಯದನ್ನು ಓದುವಾಗ ತಲೆಯೆತ್ತಿ, “ಯಾರಮ್ಮ ಇದು ಹನ್ನೆರಡು? ಚೆನ್ನಾಗಿ ಬರೆದಿದ್ದಾಳೆ. ಎಂಬತ್ತೊಂದು” ಅಂದರು. ನನ್ನ ವಿದ್ಯಾರ್ಥಿನಿ ಎಂದು ಹೆಮ್ಮೆಯಾಯಿತು. ಅವರು ಅವಸರ ಮಾಡುತ್ತಿದ್ದರು, ಜೋಡಿಸುವ ಪ್ರೋಗ್ರಾಂ ಅಲ್ಲೇ ಬರೆದೆ. ಹೆಸರಿನ ಸ್ವಾಪ್ ಮರೆತೆ. ನೀನು ಮಾಡಿದ ತಪ್ಪೇ. ಪ್ರಿಂಟ್ ಬಂತು, ರೇಣುಕಾಪ್ರಸಾದ್ ಸರ್ ಸಹಿ ಹಾಕಿದರು, ಅದನ್ನು ಹೊತ್ತು ಕಂಪನಿಯ ಜೀಪು ಹೊರಟಿತು.

ಮನೆಗೆ ಹೋಗಿ ಕೈಕಾಲು ತೊಳೆಯುವಾಗ ನೆನಪಾಯಿತು, ಎಂಬತ್ತೊಂದು ಹನ್ನೆರಡನೆಯ ನಂಬರಿನದು, ಪಟ್ಟಿಯಲ್ಲಿ ಅಶ್ವಥನ ಎದುರಿಗೆ ಇತ್ತು ಎಂದು.

ಮರುದಿನ ಬಾಗಿಲು ತೆಗೆಯುವ ಮುಂಚೆ ಹೋಗಿ ಸರ್‌ಗೆ ಹೇಳಿದೆ. ಹೋದ ಪಟ್ಟಿ ಹೋಯಿತು, ತಪ್ಪು ಎಂದರೆ ಕಂಪನಿಯ ಮುಂದಿನ ತರಗತಿಗಳು ನಮಗೆ ಸಿಗುವುದಿಲ್ಲ ಎಂದರು. “ನಿನ್ ಕೈಯಿಂದಾದದ್ದು, ನೀನೇ ಅಂಟ್ಸು” ಎಂದು ಪಟ್ಟಿಯನ್ನು ಕೈಗೆ ಕೊಟ್ಟರು. ಮೈದಾ ಅಂಟು ಹಚ್ಚಿ ಅಂಟಿಸಿದವಳು ನಾನೇ. ನೀನು ಮೇಲಿನಿಂದ ಕೆಳಗೆ ಓದುತ್ತಾ ಬರುವಾಗ ಒಳಗೆ ಕಿಟಕಿಯ ಹತ್ತಿರ ನಿಂತಿದ್ದೆ. ಅಂದರೆ, ನಿನಗಿಂತ ಮುಂಚೆ ನನಗೆ ಗೊತ್ತಿತ್ತು.

ಉತ್ತರ ಪತ್ರಿಕೆಗಳು ಬೀರುವಿನಲ್ಲೇ ಇವೆ. ನಿನ್ನ ಗೂಡಿನ ಪ್ರಿಂಟ್ ತಪ್ಪು ಎಂದರೆ ಪಟ್ಟಿಯ ತಪ್ಪೂ ನಿನಗೆ ಕಾಣುತ್ತದೆ ಎಂದು ಹೆದರಿ ಸರಿಯಾಗಿದೆ ಎಂದು ಬರೆದೆ. ಪರೀಕ್ಷೆ ರದ್ದಾದದ್ದು ಜೂನ್‌ನಲ್ಲೇ ತಿಳಿಯಿತು. ಹೇಳಿದರೆ ನೀನು ಪಾಠ ನಿಲ್ಲಿಸುತ್ತೀಯ ಎಂದು ಹೇಳಲಿಲ್ಲ. ಪಾಠವೊಂದನ್ನಾದರೂ ಪೂರ್ತಿ ಕೊಟ್ಟರೆ ನನ್ನ ಋಣವೂ ಸ್ವಲ್ಪ ತೀರುತ್ತದೆ ಎಂಬುದು ನನ್ನ ಆಸೆ.

ನಮ್ಮ ಮನೆಯಲ್ಲಿ ನನ್ನ ಸಂಬಳವೊಂದೇ. ಪಟ್ಟಿ ತಪ್ಪೆಂದು ಹೊರಗೆ ಹೇಳುವುದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಕೇಳು, ಮಾಡುತ್ತೇನೆ.

ಭಾನು

*

ದೊಡ್ಡಆಲಹಳ್ಳಿ
15 ಡಿಸೆಂಬರ್ 2005

ಭಾನುಪ್ರಿಯ ಮೇಡಂ ಅವರಿಗೆ,

ನಾನು ಬಂದು ಕೂಗಾಡಲಿಲ್ಲ. ಸಿಟ್ಟು ಇಳಿದದ್ದರಿಂದ ಅಲ್ಲ. ಅಪ್ಪನಿಗೆ ಗೊತ್ತಾಗದ ಹಾಗೆ ರಾಮನಗರಕ್ಕೆ ಬರುವ ದಾರಿ ನನಗಿಲ್ಲ. ಅವರಿಗೆ ಇನ್ನೂ ಹೇಳಿಲ್ಲ. ಮಗಳಿಗೆ ತಲೆಯಿಲ್ಲ ಎಂದು ಒಂದು ವರ್ಷದಲ್ಲಿ ಒಪ್ಪಿಕೊಂಡಿದ್ದಾರೆ. ಈಗ ತಲೆಯಿತ್ತು ಎಂದರೆ ಅವರು ಆ ಬೇಲಿಯವರೆಗೆ ಮತ್ತೆ ನಡೆಯಲು ಶುರು ಮಾಡುತ್ತಾರೆ.

ಏನು ಬೇಕಾದರೂ ಕೇಳು ಎಂದಿದ್ದೀರಿ. ಕೇಳುತ್ತೇನೆ. ಕನಕಪುರದಲ್ಲಿ ಮುಕ್ತಿಯಾರ್ ಎಂಬುವರು ಕಂಪ್ಯೂಟರ್ ಸೆಂಟರ್ ತೆರೆದಿದ್ದಾರೆ. ಹೊಸಬರಿಗೆ ಜಾವಾ ಹೇಳಿಕೊಡಲು ಒಬ್ಬರು ಬೇಕಂತೆ. ಕಲಿತ ಕಡೆಯಿಂದ ಅಂಕದ ಪ್ರಮಾಣಪತ್ರ ಕೇಳುತ್ತಾರೆ. ನನ್ನಲ್ಲಿರುವುದು ಪಟ್ಟಿಯ ಜೊತೆ ನೀವು ಎಲ್ಲರಿಗೂ ಕೊಟ್ಟ ಹಾಳೆ. ಅದರಲ್ಲಿ ಇಪ್ಪತ್ತಮೂರು ಎಂದಿದೆ. ಪತ್ರಿಕೆ ಬೀರುವಿನಲ್ಲೇ ಇದೆ ಎಂದಿರಿ. ಅದನ್ನು ನೋಡಿ, ನನ್ನ ಅಂಕ ಎಂಬತ್ತೊಂದು ಎಂದು ಒಂದು ಗೆರೆ ಬರೆದು ಸಹಿ ಹಾಕಿ ಕಳಿಸಿ. ಯಾರ ತಪ್ಪು, ಹೇಗಾಯಿತು, ಏನೂ ಬರೆಯಬೇಡಿ. ಜನವರಿ ಹದಿನೈದರೊಳಗೆ ಬೇಕು.

ಸಿಗದಿದ್ದರೆ ಫೆಬ್ರವರಿ ಒಂದರಿಂದ ಪ್ಯಾಕಿಂಗ್ ಶೆಡ್ಡು. ಅಪ್ಪ ಮಾತಾಡಿ ಬಂದಿದ್ದಾರೆ.

ರಾಧಾಮಣಿ

*

ರಾಮನಗರ
8 ಜನವರಿ 2006

ಪ್ರಿಯ ರಾಧಾ,

ನೀನು ಕೇಳಿದ ಪ್ರಮಾಣಪತ್ರ ಇದರೊಳಗಿದೆ. ಸೆಂಟರಿನ ಮೊಹರು ಹಾಕಿಸಿದ್ದೇನೆ. ಸರ್ ಜೊತೆ ಎರಡು ದಿನ ವಾದ ಮಾಡಿ ಇಷ್ಟನ್ನು ಬರೆಸಿದೆ. ನಿನಗೆ ಆ ಕೆಲಸ ಸಿಗಲಿ ಎಂದು ಬೇಡಿಕೊಳ್ಳುತ್ತೇನೆ.

ಎರಡು ಅರೇಯ ಪಾಠವನ್ನೂ ಪೂರ್ತಿ ಬರೆದು ಇಟ್ಟಿದ್ದೇನೆ. ಮಕ್ಕಳಿಗೆ ಹೇಳಿಕೊಡಲು ಬೇಕಾಗುತ್ತದೆ.

ನಿನ್ನ
ಭಾನಕ್ಕ

*

ಹಾರೋಹಳ್ಳಿ
2 ಫೆಬ್ರವರಿ 2006

ಭಾನುಪ್ರಿಯ ಮೇಡಂ ಅವರಿಗೆ,

ಕಾಗದದ ತಲೆಯಲ್ಲಿ ಊರಿನ ಹೆಸರು ಬದಲಾದದ್ದನ್ನು ಕಂಡು ನಿಮಗೆ ಅರ್ಥವಾಗಿರಬೇಕು. ಇಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದೇನೆ. ನಿನ್ನೆಯಿಂದ ಕೆಲಸ. ನಾನು ನಿಂತು ಡಬ್ಬಿ ಕಟ್ಟುವ ಜಾಗ ನಮ್ಮ ರಾಗಿ ಹೊಲದ ಮೂಡಣ ಮೂಲೆ ಇರಬೇಕು. ಸರಿಯಾಗಿ ಹೇಳಲಾರೆ, ಗುರುತಿಗೆ ಇದ್ದ ಹೊಂಗೆಮರ ಕಡಿದಿದ್ದಾರೆ.

ಕನಕಪುರಕ್ಕೆ ಹೋಗಿದ್ದೆ. ಮುಕ್ತಿಯಾರ್ ಅವರು ನಿಮ್ಮ ಹಾಳೆಯನ್ನು ಓದಿ ತಿರುಗಿಸಿ ನೋಡಿದರು, ಹಿಂದುಗಡೆ ಏನಾದರೂ ಇರಬಹುದೇ ಎಂದು. ಇರಲಿಲ್ಲ. ಅಂಕ ಎಲ್ಲಿ ಎಂದರು. ಬೇರೆ ದಾರಿಯಿಲ್ಲದೆ ಹಳೆಯ ಹಾಳೆ ಕೊಟ್ಟೆ. ಇಪ್ಪತ್ತಮೂರು ನೋಡಿ ಸುಮ್ಮನೆ ಕಳಿಸಬಹುದಿತ್ತು. ಒಳ್ಳೆಯವರು, ಸೀಮೆಸುಣ್ಣ ಕೊಟ್ಟು ಬೋರ್ಡಿನ ಮೇಲೆ ಬರೆಯಲು ಹೇಳಿದರು. ಹೆಸರು ಅಂಕ ಎರಡನ್ನೂ ಜೊತೆಯಲ್ಲೇ ಸ್ವಾಪ್ ಮಾಡಿ, ಜೋಡಿಸಿ, ಪ್ರಿಂಟ್ ಮಾಡುವುದನ್ನು ಬರೆದೆ. ಅವರೇ ಕಂಪ್ಯೂಟರಿನಲ್ಲಿ ಹಾಕಿ ನೋಡಿದರು. ಒಂದು ತಪ್ಪೂ ಬರಲಿಲ್ಲ.

ಹಳೆಯ ಹಾಳೆಯನ್ನು ನನ್ನ ಕೈಗೆ ವಾಪಸ್ಸು ಕೊಟ್ಟು ಹೇಳಿದರು: “ನಿಂಗೆ ಬತ್ತದೆ ಕಣಮ್ಮ, ನಾನ್ ನೋಡ್ದೆ. ಆದ್ರೆ ಫೀಸ್ ಕಟ್ಟೋರು ಬೋರ್ಡ್ ನೋಡಾಕಿಲ್ಲ, ಕಾಗ್ದ ನೋಡ್ತಾರೆ. ಇಪ್ಪತ್ಮೂರು ಅಂಕದ ಮೇಡಮ್ಮು ಅಂತ ಹೆಂಗ್ ಕೂರಿಸ್ಲಿ?”

ನಾನು ಬೋರ್ಡು ಒರೆಸಿ ಬಂದೆ.

ನಿಮ್ಮ ಪ್ರಮಾಣಪತ್ರವನ್ನು ವಾಪಸ್ಸು ಕಳಿಸುತ್ತಿದ್ದೇನೆ. ಎರಡು ಅರೇಯ ಪಾಠವೂ ಜೊತೆಯಲ್ಲಿದೆ, ಅದು ನನಗೆ ಬರುತ್ತದೆ. ರಾಧಾಮಣಿ ಎಂಬುವರು ಸದ್ಗುಣವಂತೆ, ವಿನಯಶೀಲೆ, ಕಲಿಕೆಯಲ್ಲಿ ಆಸಕ್ತಿಯುಳ್ಳವರು ಎಂದು ಮೂರು ಸಾಲು ಬರೆದು ಮೊಹರು ಹಾಕಿದ್ದೀರಿ. ನನ್ನ ಗುಣ ಹೇಗೆ ಎಂದು ಯಾರೂ ಕೇಳಿರಲಿಲ್ಲ. ನಾನು ಕೇಳಿದ್ದು ನನ್ನ ಅಂಕ.

ರಾಧಾಮಣಿ